ಬಡಗಿಯಾದ ಕೃಷ್ಣ ಪಾಲನ ಬಿಡುಗಡೆ

ಬಂಗಾಳದ ಒಬ್ಬ ಬಡಗಿಯ ಚರಿತ್ರೆಯನ್ನು ನಿಮಗೆ ತಿಳಿಸಲು ನಾವು ಬಯಸುತ್ತೇವೆ. ಆತನ ಹೆಸರು ಕೃಷ್ಣ ಪಾಲ. ಹುಗ್ಲಿ ನದಿಯ ದಡದಲ್ಲಿರುವ ಶ್ರೀರಾಮಪುರವು ಆಗ ಡೇನ್ಮಾರ್ಕಿನ ಅರಸನ ಆಳಿಕೆಯಲ್ಲಿತ್ತು. ಇಂಗ್ಲಿಷ್ ಕಂಪೆನಿಯವರು ತಮ್ಮ ಸೀಮೆಯಲ್ಲಿ ಮಿಶನರಿಗಳಿಗೆ ಇಂಬುಕೊಡದೆ ಇದ್ದುದರಿಂದ ವಿಲ್ಯಂ ಕೇರಿಯವರೂ ಅವರ ಜೊತೆಗಾರರೂ 1800ರಲ್ಲಿ ಆ ಊರಿನಲ್ಲಿ ನೆಲೆಸಿದರು. ಇದೇ ಕೇರಿಯವರು ಮುಂದೆ 1817ರಲ್ಲಿ ನಮ್ಮ ಕನ್ನಡ ಭಾಷೆಗೂ ಒಂದು ವ್ಯಾಕರಣವನ್ನು ಅಚ್ಚುಹಾಕಿಸಿದವರು.

ಕೇರಿಯವರು 1793ರಲ್ಲಿ ಬಂಗಾಳಕ್ಕೆ ಬಂದು ಏಳು ವರ್ಷ ಸುವಾರ್ತೆಯನ್ನು ಸಾರಿದರೂ ಆ ದೇಶದವನೊಬ್ಬನೂ ಅವರಿಂದ ದೀಕ್ಷಾಸ್ನಾನ ಹೊಂದಿರಲಿಲ್ಲ. ಕೇಳುವವರು ಇದ್ದರು, ಮೆಚ್ಚುವವರೂ ಇದ್ದರು. ಆದರೆ ಜಾತಿಯನ್ನು ಬಿಡಬೇಕಾದ ಗಳಿಗೆ ಬಂದಾಗ ಹಿಂಜರಿದರು. ಮನೆಮನೆಗೆ ಹೋಗಿ ಬೋಧಿಸುವ ನಮಗೆ ಈ ಹಿಂಜರಿತವು ಹೊಸದಲ್ಲ.

ಕೃಷ್ಣ ಪಾಲನು ಸುಮಾರು ಮೂವತ್ತಾರು ವರ್ಷದವನು, ಸಂಸಾರಸ್ಥನು. ಘೋಷಪಾಡೆಯ ಗುರುಗಳ ಪಂಥಕ್ಕೆ ಸೇರಿ, ತಾನೂ ಹಲವು ವರ್ಷ ಇತರರಿಗೆ ಬೋಧಿಸಿದವನು. 1800ರ ನವೆಂಬರ ತಿಂಗಳಲ್ಲಿ ಒಂದು ದಿನ ನದಿಯ ಮೆಟ್ಟಲಿನ ಮೇಲೆ ಕಾಲು ಜಾರಿ ಬಿದ್ದು, ಬಲಗೈಯ ಭುಜದ ಕೀಲು ತಪ್ಪಿತು. ವೈದ್ಯರಾದ ಥಾಮಸರು ಬಂದು ಅವನನ್ನು ಒಂದು ಮರಕ್ಕೆ ಕಟ್ಟಿ ಕೀಲನ್ನು ಕೂಡಿಸಿದರು. ಆ ನೋವಿನಲ್ಲಿ ಅವನು ಕೈಗಿಂತ ಹೆಚ್ಚಾಗಿ ತನ್ನ ಪಾಪಗಳ ವಿಷಯದಲ್ಲಿಯೇ ಗೋಳಾಡಿ, ತನ್ನನ್ನು ರಕ್ಷಿಸುವವರು ಯಾರೆಂದು ಬೇಡಿಕೊಂಡನು. ಥಾಮಸರು ಕಣ್ಣೀರಿನೊಡನೆ ಯೇಸು ಕ್ರಿಸ್ತನ ಶಿಲುಬೆಯ ವಿಷಯವನ್ನು ಅವನಿಗೆ ತಿಳಿಸಿದರು. ಅಂದಿನಿಂದ ಅವನು ತನ್ನ ಸ್ನೇಹಿತನಾದ ಗೋಕುಲನೊಡನೆ ಮಿಶನ್ ಮನೆಗೆ ಬಂದು ವೇದವಾಕ್ಯವನ್ನು ಕೇಳಲಾರಂಭಿಸಿದನು.

ದಶಂಬರ 22ನೇ ತಾರೀಖು ಸೋಮವಾರ, ಕ್ರಿಸ್ತಜಯಂತಿಗೆ ಮೂರು ದಿನ ಮುಂಚೆ, ಈ ಇಬ್ಬರೂ ಮಿಶನರಿಗಳ ಮೇಜಿನ ಬಳಿಯಲ್ಲಿ ಎಲ್ಲರ ಕಣ್ಣೆದುರಿಗೆ ಕೂತು ಊಟಮಾಡಿದರು. ನೋಡಿದ ಆಳುಗಳು ಬೆರಗಾದರು. ಒಂದು ತುತ್ತು ಅನ್ನದಲ್ಲಿ ಏನಿದೆ ಎಂದು ಪಟ್ಟಣದವರು ಕೇಳಬಹುದು. ಹಳ್ಳಿಯವರಾದ ನೀವು ಕೇಳಲಾರಿರಿ. ಆ ತುತ್ತಿನೊಂದಿಗೆ ನಂಟರು, ಕೇರಿ, ಮಕ್ಕಳ ಮದುವೆ, ಸತ್ತರೆ ಹೊರುವವರು ಎಲ್ಲವೂ ಹೋದವು. ಇಷ್ಟು ವರ್ಷ ಅವನನ್ನು ಬಿಗಿದಿದ್ದದ್ದು ಪಾಪದ ಹೊರೆಯು ಮಾತ್ರವಲ್ಲ, ಮನುಷ್ಯರ ಭಯವೂ ಹೌದು. ಕರ್ತನು ಆ ಎರಡನ್ನೂ ಬಿಡಿಸಿದನು.

ಸುದ್ದಿಯು ಹಬ್ಬಿದ ಕೂಡಲೇ ಸುಮಾರು 2,000 ಜನರು ಗುಂಪುಗೂಡಿ, ಬೈದು ನಿಂದಿಸಿ, ಅವನನ್ನು ಡೇನ್ ಅಧಿಕಾರಿಯ ಮುಂದೆ ಎಳೆದುಕೊಂಡು ಹೋದರು. ಅಧಿಕಾರಿಯು ತಪ್ಪೇನನ್ನೂ ಕಾಣದೆ ಬಿಟ್ಟುಬಿಟ್ಟನು. ಮಗಳನ್ನು ನಿಶ್ಚಯವಾದ ವರನಿಗೆ ಕೊಡುವುದಿಲ್ಲವೆಂಬ ದೂರು ಎದ್ದಾಗ, ಹುಡುಗಿಯನ್ನು ಬಲವಂತಪಡಿಸಕೂಡದೆಂದು ತೀರ್ಪಾಯಿತು. ಆದರೂ ಗೋಕುಲನು ಹೆದರಿದನು; ಕೃಷ್ಣನ ಹೆಂಡತಿಯಾದ ರಸಮಯಿಯೂ ನಾದಿನಿಯಾದ ಜಯಮಣಿಯೂ ಸ್ವಲ್ಪ ತಡೆಯೋಣವೆಂದರು. ಅವರನ್ನು ಹಳಿಯಲು ನಮಗೆ ಬಾಯಿಲ್ಲ. ಜಯಮಣಿಯು ಕೆಲವೇ ವಾರಗಳಲ್ಲಿ ಧೈರ್ಯತಾಳಿ ದೀಕ್ಷೆ ಹೊಂದಿದಳು. ಉಳಿದವರೂ ಕ್ರಮೇಣ ಬಂದರು.

28ನೇ ತಾರೀಖು ಆದಿತ್ಯವಾರ ಕೇರಿಯವರು ಒಂದು ಪಕ್ಕದಲ್ಲಿ ತಮ್ಮ ಮಗನಾದ ಫೀಲಿಕ್ಸನನ್ನೂ ಇನ್ನೊಂದು ಪಕ್ಕದಲ್ಲಿ ಕೃಷ್ಣನನ್ನೂ ಕರಕೊಂಡು ನದಿಗೆ ಇಳಿದರು. ಈ ನೀರಿನಲ್ಲಿ ಪವಿತ್ರತೆ ಏನೂ ಇಲ್ಲವೆಂದು ಕೂಡಿದ್ದ ಜನರಿಗೆ ಮೊದಲೇ ವಿವರಿಸಿದರು. ದಡದಲ್ಲಿ ನಿಂತಿದ್ದ ಡೇನ್ ಗವರ್ನರರು ಕಣ್ಣೀರು ತಡೆಯಲಾರದೆ ಹೋದರು. ಅದೇ ದಿನ ಬಂಗಾಳಿ ಭಾಷೆಯಲ್ಲಿ ಕರ್ತನ ಭೋಜನವೂ ಆಚರಿಸಲ್ಪಟ್ಟಿತು.

ಆ ಸಂತೋಷದಲ್ಲಿ ಒಬ್ಬರು ಇರಲಿಲ್ಲ. ಕೇರಿಯವರಿಗಿಂತ ಮೊದಲೇ ಬಂಗಾಳಕ್ಕೆ ಬಂದು ಈ ಫಲಕ್ಕಾಗಿ ಕಾದಿದ್ದ ಥಾಮಸರಿಗೆ ಹರ್ಷವು ತಾಳಲಾರದಷ್ಟಾಗಿ ಬುದ್ಧಿಭ್ರಮಣೆಯಾಗಿತ್ತು. ಕೇರಿಯವರ ಪತ್ನಿಯೂ ಬಹುಕಾಲದಿಂದ ಅದೇ ವ್ಯಾಧಿಯಲ್ಲಿದ್ದರು. ಹೀಗೆ ಕೇರಿಯವರು ಆ ದಿನ ಹಾಡನ್ನೂ ಗೋಳನ್ನೂ ಒಟ್ಟಿಗೆ ಕೇಳಬೇಕಾಯಿತು. ಚರಿತ್ರೆ ಬರೆಯುವವರು ಕೆಲವರು ಇದನ್ನು ಬಿಟ್ಟುಬಿಡುತ್ತಾರೆ. ಬಿಡುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಕೃಷ್ಣನು ಆಮೇಲೆ ಬೋಧಕನಾಗಿ ಕಲ್ಕತ್ತೆಯಲ್ಲಿ ಸೇವೆಮಾಡಿದನು, 1813ರಲ್ಲಿ ಖಾಸಿ ಗುಡ್ಡಗಳ ಸೀಮೆಗೂ ಹೋದನು, ಕೀರ್ತನೆಗಳನ್ನು ರಚಿಸಿದನು. 1822ರ ಆಗಸ್ಟಿನಲ್ಲಿ ವಾಂತಿಭೇದಿಯಿಂದ ತೀರಿಕೊಂಡನು. ಆದರೆ ಸಭೆಗೆ ಸೇರಿದ ಮೇಲೂ ಪಂಕ್ತಿಯಲ್ಲಿ ಯಾರು ಯಾರ ಪಕ್ಕದಲ್ಲಿ ಕೂರುತ್ತಾರೆಂದು ನೋಡುವ ನಮ್ಮವರು ಇನ್ನೊಂದು ಸಂಗತಿಯನ್ನು ಕೇಳಬೇಕು. 1803ರಲ್ಲಿ ಕೃಷ್ಣನ ಮಗಳಾದ ಆನಂದಿಯನ್ನು ಬ್ರಾಹ್ಮಣ ಕುಲದಿಂದ ಬಂದ ಕೃಷ್ಣಪ್ರಸಾದನು ಮದುವೆಯಾದನು. ಬಡಗಿಯ ಮನೆಯ ಮುಂದಿನ ಮರದ ಕೆಳಗೆ ಮದುವೆ ನಡೆಯಿತು. ಆ ರಾತ್ರಿ ಮಿಶನರಿಗಳು ಅತಿಥಿಗಳಾಗಿ ಕೂತರು, ಕೃಷ್ಣನ ಮನೆಯವರು ಬಡಿಸಿದರು.