ಮುದ್ದೇನಹಳ್ಳಿಯ ದಿವಾನರೂ ಊರಿನ ಅಧಿಕಾರವೂ

ಚಿಕ್ಕಬಳ್ಳಾಪುರದ ಬಳಿಯ ಸ್ಕಂದಗಿರಿಯನ್ನು ಜನರು ಕಳವಾರದುರ್ಗವೆಂದು ಕರೆಯುವರು. ಅದರ ನೆತ್ತಿಯಲ್ಲಿ ಹಳೆಯ ಕೋಟೆಯ ಗೋಡೆಗಳು ಹಾಳುಬಿದ್ದಿವೆ. ಪಾಳೆಯಗಾರರ ಕಾಲದಲ್ಲಿ ಈ ಸೀಮೆಯ ಅಧಿಕಾರವು ಇಂತಹ ಗೋಡೆಗಳೊಳಗೇ ಇದ್ದಿತು. 18ನೆಯ ಶತಮಾನದಲ್ಲಿ ಹೈದರಾಲಿಯು ಪಾಳೆಯಪಟ್ಟನ್ನು ಗೆದ್ದ ಮೇಲೆ ಅದು ಶ್ರೀರಂಗಪಟ್ಟಣಕ್ಕೆ ಹೋಯಿತು. ಅನಂತರ ಮೈಸೂರು ಬೆಂಗಳೂರುಗಳಿಗೂ, ಅವುಗಳ ಮೇಲೆ ಕಲ್ಕತ್ತೆಗೂ ಸೇರಿತು. ಹೀಗೆ ದೂರ ಹೋದ ಅಧಿಕಾರವನ್ನು ಹತ್ತಿರಕ್ಕೆ ತರಲು ಶ್ರಮಿಸಿದವರಲ್ಲಿ ಈ ಬೆಟ್ಟಗಳ ಆಸುಪಾಸಿನ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು ಅಗ್ರಗಣ್ಯರು. ಅವರನ್ನು ಅಣೆಕಟ್ಟಿನ ಶಿಲ್ಪಿಯೆಂದು ನಾಡೆಲ್ಲ ಬಲ್ಲುದು. ಮೇಲಿನ ಸರ್ಕಾರಕ್ಕೂ ಕೆಳಗಿನ ಊರಿಗೂ ನಡುವೆ ನಿಂತ ಆಡಳಿತಗಾರರೆಂದು ಅವರನ್ನು ಸ್ಮರಿಸುವುದು ಇಂದು ಹೆಚ್ಚು ಅವಶ್ಯವೆಂದು ನಾವು ಭಾವಿಸುತ್ತೇವೆ.

1860ರಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು ಎಳೆತನದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಚಿಕ್ಕಬಳ್ಳಾಪುರದಲ್ಲಿ ಅಕ್ಷರ ಕಲಿತು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಪುಣೆಯಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. 1884ರಲ್ಲಿ ಮುಂಬಯಿ ಸರ್ಕಾರದ ಮರಾಮತ್ತು ಇಲಾಖೆಯನ್ನು ಸೇರಿ, ಎರಡು ದಶಕಗಳಿಗೆ ಮಿಕ್ಕಿದ ಸೇವೆಯ ಮೇಲೆ ವಿಶ್ರಾಂತಿ ಪಡೆದರು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾದರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾದರು.

ಆಗ ಮೈಸೂರಿನ ಸ್ಥಿತಿಯು ಹೇಗಿದ್ದಿತು? 1881ರ ಹಸ್ತಾಂತರ ಪತ್ರದ ಮೂಲಕ ರಾಜ್ಯವು ಒಡೆಯರಿಗೆ ಮರಳಿತ್ತಾದರೂ, ಆ ಪತ್ರವು ಯಜಮಾನನು ಆಳಿಗೆ ಬರೆದುಕೊಟ್ಟ ಕರಾರಿನಂತಿದ್ದಿತು. ವರ್ಷಕ್ಕೆ 35 ಲಕ್ಷ ರೂಪಾಯಿ ಪೊಗದಿ ಸಲ್ಲಬೇಕಾಗಿದ್ದಿತು. ಈ ಪತ್ರಕ್ಕೆ ಬದಲಾಗಿ ಗೌರವಯುತವಾದ ಒಡಂಬಡಿಕೆಯಾಗಬೇಕೆಂದು ದಿವಾನರು ವಾದಿಸಿದರು. 1913ರ ನವೆಂಬರಿನಲ್ಲಿ ಲಾರ್ಡ್ ಹಾರ್ಡಿಂಜರ ಕಾಲದಲ್ಲಿ ಅದು ಕೈಗೂಡಿತು. ಪರಮಾಧಿಕಾರವೇನೋ ಬ್ರಿಟಿಷರಲ್ಲಿಯೇ ಉಳಿಯಿತು. ಪೊಗದಿಯಲ್ಲಿ ಹತ್ತೂವರೆ ಲಕ್ಷ ಇಳಿದುದು 1927ರಲ್ಲಿ. ಆದರೂ ಕೇಳದವನಿಗೆ ಯಾರೂ ಕೊಡುವುದಿಲ್ಲವೆಂಬುದನ್ನು ಅವರು ಅರಿತಿದ್ದರು.

ಕನ್ನಂಬಾಡಿಯ ವಿಷಯದಲ್ಲಿಯೂ ಇದೇ ಹೋರಾಟ. 1892ರ ಒಪ್ಪಂದದಂತೆ ಕಾವೇರಿಗೆ ಹೊಸ ಕಟ್ಟೆ ಕಟ್ಟಲು ಮದರಾಸಿನ ಸಮ್ಮತಿ ಬೇಕಾಗಿದ್ದಿತು, ಮದರಾಸು ಒಪ್ಪಲಿಲ್ಲ. ಮೈಸೂರಿನ ಯೋಜನೆಯು 4,150 ಕೋಟಿ ಘನ ಅಡಿ ನೀರಿನದು. ಇಂಡಿಯಾ ಸರ್ಕಾರವು ಅನುಮತಿಸಿದುದು 1,100 ಕೋಟಿಗೆ ಮಾತ್ರ. ಆದರೂ ಅಡಿಪಾಯವನ್ನು ಪೂರ್ಣ ಯೋಜನೆಗೆ ತಕ್ಕಂತೆಯೇ ಹಾಕಲಾಯಿತು. ಪಂಚಾಯಿತಿ, ಮೇಲ್ಮನವಿಗಳೆಲ್ಲ ನಡೆದು ವ್ಯಾಜ್ಯವು ಒಪ್ಪಂದದಲ್ಲಿ ನಿಂತುದು 1924ರಲ್ಲಿ. ಆ ವೇಳೆಗೆ ಅವರು ದಿವಾನಗಿರಿ ಬಿಟ್ಟು ಐದು ವರ್ಷಗಳಾಗಿದ್ದವು.

ಮೇಲಿನಿಂದ ಅಧಿಕಾರ ಕೇಳಿದವರು ಕೆಳಗೆ ಏನನ್ನು ಕೊಟ್ಟರು? ಪರೀಕ್ಷೆ ಇರುವುದು ಇಲ್ಲಿ. 1911ರಲ್ಲಿ ಅವರ ಪ್ರೇರಣೆಯಿಂದ ಆರಂಭವಾದ ಸಂಪದಭ್ಯುದಯ ಸಮಾಜಕ್ಕೆ ಜಿಲ್ಲೆ ತಾಲ್ಲೂಕುಗಳಲ್ಲಿಯೂ ಸಮಿತಿಗಳಾದವು. ನ್ಯಾಯವಿಧಾಯಕ ಸಭೆಗೆ ಆಯವ್ಯಯವನ್ನು ಚರ್ಚಿಸುವ ಹಕ್ಕು ಬಂದಿತು. ಗ್ರಾಮ ನೈರ್ಮಲ್ಯಕ್ಕೂ ದಾರಿ ಬಾವಿಗಳಿಗೂ ಗ್ರಾಮಾಭಿವೃದ್ಧಿ ಸಮಿತಿಗಳು ಏರ್ಪಟ್ಟವು. 1918ರಲ್ಲಿ ಸ್ಥಳಿಕ ಬೋರ್ಡುಗಳು ಮತ್ತು ಗ್ರಾಮ ಪಂಚಾಯಿತಿಗಳ ರೆಗ್ಯುಲೇಷನ್ ಜಾರಿಗೆ ಬಂದು, ಹಳ್ಳಿಯ ಪಂಚಾಯಿತಿಗೆ ಶಾಸನದ ಆಧಾರ ದೊರೆಯಿತು.

ಆದರೆ ಸತ್ಯವನ್ನು ಮರೆಮಾಚುವುದು ಸ್ಮರಣೆಯಲ್ಲ. ಈ ಸಮಿತಿಗಳ ಚಾಲನೆಯೆಲ್ಲ ಬೆಂಗಳೂರಿನಿಂದಲೇ ಹೊರಡುತ್ತಿದ್ದಿತು. ವರದಿ, ತಖ್ತೆ, ಗಡುವುಗಳ ಬಿಗಿಯಲ್ಲಿ ಕೆಲಸ ಸಾಗುತ್ತಿದ್ದಿತೇ ಹೊರತು, ರೈತನು ಕಂಡ ಸರ್ಕಾರವೆಂದರೆ ಅಮಲ್ದಾರರೇ. 1918ರಲ್ಲಿ ಶಾಸನ ಪಡೆದ ತಾಲ್ಲೂಕು ಬೋರ್ಡುಗಳನ್ನು 1926ರ ಸುಧಾರಣೆಯು ತೆಗೆದುಹಾಕಿತು. ಜನರು ಬೇಡಿ ಪಡೆಯದ ಸಂಸ್ಥೆಯು ಹೋಗುವಾಗಲೂ ಜನರನ್ನು ಕೇಳಿ ಹೋಗುವುದಿಲ್ಲ. ಇನ್ನೊಂದು ಪ್ರಶ್ನೆಯು ಅದೇ 1918ರಲ್ಲಿ ಎದ್ದಿತು. ಅಧಿಕಾರವು ಹತ್ತಿರ ಬಂದರೆ ಸಾಲದು, ಎಲ್ಲ ವರ್ಗಗಳಿಗೂ ಅದರಲ್ಲಿ ಪಾಲು ಬೇಕೆಂದು ಹಿಂದುಳಿದ ಸಮಾಜಗಳು ಕೇಳಿದವು. ಮಹಾರಾಜರು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಯೋಗ್ಯತೆಯೊಂದೇ ಅಳತೆಗೋಲೆಂದು ನಂಬಿದ ದಿವಾನರು ಅಧಿಕಾರ ತ್ಯಜಿಸಿದರು. ಆ ನಿಲುವು ಪ್ರಾಮಾಣಿಕವಾದುದೇ. ಆದರೆ ನ್ಯಾಯವು ಕೇಳಿದವರ ಪಕ್ಷದಲ್ಲಿದ್ದಿತೆಂದು ನಾವು ಹೇಳಲೇಬೇಕು.

ಅನಂತರವೂ ಅವರು ಸುಮ್ಮನಿರಲಿಲ್ಲ. 1922ರಲ್ಲಿ ಮುಂಬಯಿಯ ಸರ್ವಪಕ್ಷ ಸಭೆಯಲ್ಲಿ ಅಧ್ಯಕ್ಷರ ಹೊಣೆ ಹೊತ್ತರು. 1929ರಲ್ಲಿ ತಿರುವನಂತಪುರದಲ್ಲಿ ದಕ್ಷಿಣದ ಸಂಸ್ಥಾನಗಳ ಪ್ರಜಾ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. 1955ರಲ್ಲಿ ಭಾರತರತ್ನರಾಗಿ, 1962ರ ಏಪ್ರಿಲ್ 14ರಂದು ತೀರಿಕೊಂಡರು. ಅವರ ಸಮಾಧಿಯು ಹುಟ್ಟಿದ ಹಳ್ಳಿಯಲ್ಲಿಯೇ ಇದೆ.

1992ರ 73ನೆಯ ತಿದ್ದುಪಡಿಯು ಪಂಚಾಯಿತಿಗಳಿಗೆ ಸಂವಿಧಾನದ ಬಲ ಕೊಟ್ಟಿತು, ಹಿಂದೆ ವಂಚಿತರಾದವರಿಗೆ ಸ್ಥಾನಗಳನ್ನೂ ಮೀಸಲಿಟ್ಟಿತು. 2007ರಲ್ಲಿ ಚಿಕ್ಕಬಳ್ಳಾಪುರವೇ ಜಿಲ್ಲೆಯಾಯಿತು. ಆದರೆ 2021ರಲ್ಲಿ ಅವಧಿ ಮುಗಿದ ಕರ್ನಾಟಕದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಮೂರು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಸದಸ್ಯರ ಪೀಠಗಳಲ್ಲಿ ಆಡಳಿತಾಧಿಕಾರಿಗಳು ಕುಳಿತರು. ತೆರಿಗೆಯ ಪಾಲಿಗಾಗಿ ದೆಹಲಿಯ ಬಾಗಿಲು ತಟ್ಟಿದ ರಾಜ್ಯವು ಆ ವರ್ಷಗಳಲ್ಲಿ ತನ್ನ ಬಾಗಿಲಲ್ಲಿ ನಿಂತ ಊರನ್ನು ಕಾಣದೆ ಹೋಯಿತು. ದೆಹಲಿಯನ್ನು ಕೇಳುವ ಹಕ್ಕು ನಮಗುಂಟು, ಕೇಳಲೇಬೇಕು. ಆದರೆ ಕೇಳುವ ಕೈಯೇ ಕೊಡುವ ಕೈಯೂ ಆಗಬೇಕು. ದಿವಾನರು ಅರ್ಧ ಮಾಡಿ ಬಿಟ್ಟ ಆ ಕೆಲಸವನ್ನು ಪೂರೈಸುವುದೇ ಅವರಿಗೆ ನಾವು ಸಲ್ಲಿಸಬಹುದಾದ ಗೌರವ.