ಗ್ರಂಥಾಲಯ ಸೇವೆಗೆ ಮಾನದಂಡವನ್ನಿತ್ತ ಡಾ. ಎಸ್. ಆರ್. ರಂಗನಾಥನ್

1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿಗೆ ತಂಜಾವೂರು ಸೀಮೆಯ ತರುಣ ಅಧ್ಯಾಪಕರೊಬ್ಬರು ಬಂದು ಸೇರಿದರು. ಆಗ ನಮ್ಮ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ಒಂದು ತಾಲೂಕು. ಮಂಗಳೂರು ಆ ಜಿಲ್ಲೆಯ ಮುಖ್ಯ ಪಟ್ಟಣ. ಗಣಿತವನ್ನು ಬೋಧಿಸುತ್ತ ಆ ಅಧ್ಯಾಪಕರು ಮೂರು ವರ್ಷಗಳ ಕಾಲ ಅಲ್ಲಿದ್ದು, 1920ರಲ್ಲಿ ಕೊಯಮತ್ತೂರಿಗೆ ವರ್ಗವಾಗಿ ಹೋದರು. ಮುಂದೆ ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆಂದು ಲೋಕವಿಖ್ಯಾತರಾದ ಶಿಯಾಳಿ ರಾಮಾಮೃತ ರಂಗನಾಥನ್ ಅವರೇ ಆ ಅಧ್ಯಾಪಕರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಒಂದು ಗ್ರಂಥಾಲಯದ ಯೋಗ್ಯತೆಯನ್ನು ಅಳೆಯುವುದು ಹೇಗೆ? ಒಂದನ್ನು ಇನ್ನೊಂದರೊಡನೆ ತೂಗಿ ನೋಡಬೇಕಾದರೆ ತಕ್ಕಡಿಯಲ್ಲಿ ಇಡಬೇಕಾದುದೇನು? ರಂಗನಾಥನ್ ಅವರ ಬಾಳಿನ ಉದ್ದಕ್ಕೂ ಹರಿದು ಬಂದ ಪ್ರಶ್ನೆಯಿದು. ಗಡಿನಾಡಿನಲ್ಲಿ ನಿಂತು ಕನ್ನಡ ಪುಸ್ತಕಕ್ಕಾಗಿ ಕೈಚಾಚುವ ನಮಗೆ ಈ ಪ್ರಶ್ನೆ ಬರಿಯ ಶಾಸ್ತ್ರವಿಚಾರವಲ್ಲ. ಆದುದರಿಂದ ಆ ಮಹನೀಯರ ಜೀವನವನ್ನು ಈ ಒಂದು ದೃಷ್ಟಿಯಿಂದ ಇಲ್ಲಿ ನಿರೂಪಿಸಲು ಯತ್ನಿಸಿದ್ದೇನೆ.

ರಂಗನಾಥನ್ ಅವರು 1892ರ ಆಗಸ್ಟ್ ತಿಂಗಳಿನಲ್ಲಿ ಕಾವೇರಿಯ ಮುಖಜಭೂಮಿಗೆ ಸೇರಿದ ಶಿಯಾಳಿಯಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಮಾತಿನಲ್ಲಿ ಉಗ್ಗು ಇದ್ದಿತು. ಅದನ್ನು ಸತತ ಪ್ರಯತ್ನದಿಂದ ಹದ್ದಿನಲ್ಲಿರಿಸಿಕೊಂಡರು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಎಡ್ವರ್ಡ್ ರಾಸ್ ಎಂಬ ಗಣಿತಾಚಾರ್ಯರ ಪ್ರಿಯಶಿಷ್ಯರಾಗಿ ಎಂ. ಎ. ಪದವಿಯನ್ನು ಪಡೆದರು. ಮಂಗಳೂರು, ಕೊಯಮತ್ತೂರು, ಬಳಿಕ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ಹೀಗೆ ಅವರ ಅಧ್ಯಾಪನ ಸಾಗಿತು. 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಅವರನ್ನು ತನ್ನ ಪ್ರಥಮ ಗ್ರಂಥಪಾಲರನ್ನಾಗಿ ನಿಯಮಿಸಿತು. ಅಧ್ಯಾಪಕರ ವೇತನ ಆಗ ಅಲ್ಪವಾಗಿದ್ದುದೇ ಅವರು ಆ ಹುದ್ದೆಯನ್ನು ಬಯಸಿದುದಕ್ಕೆ ಕಾರಣವೇ ಹೊರತು ಗ್ರಂಥಾಲಯದಲ್ಲಿ ಅವರಿಗೆ ಆಸಕ್ತಿಯಾಗಲಿ ಶಿಕ್ಷಣವಾಗಲಿ ಇರಲಿಲ್ಲ.

ಹುಡುಗರ ಕಲರವದಲ್ಲಿ ಬೆಳೆದ ಮೇಷ್ಟರಿಗೆ ಆ ನಿರ್ಜನವಾದ ಪುಸ್ತಕಶಾಲೆ ಸೆರೆಮನೆಯಂತೆ ತೋರಿತು. ಓದಲು ಬರುವವರು ವಿರಳ. ಮಾಡಲು ಕೆಲಸವೂ ಇಲ್ಲ. ಕೆಲವೇ ದಿನಗಳಲ್ಲಿ ಅವರು ತಮ್ಮನ್ನು ಮರಳಿ ಅಧ್ಯಾಪನಕ್ಕೆ ಕರೆದುಕೊಳ್ಳಬೇಕೆಂದು ಪ್ರೆಸಿಡೆನ್ಸಿ ಕಾಲೇಜಿನ ಮುಖ್ಯಸ್ಥರನ್ನು ಬೇಡಿದರು. ಇಂಗ್ಲೆಂಡಿನಲ್ಲಿ ಗ್ರಂಥಾಲಯ ಶಿಕ್ಷಣವನ್ನು ಪಡೆದು ಬಂದ ಮೇಲೂ ಮನಸ್ಸು ಒಗ್ಗದಿದ್ದರೆ ಹಿಂದಿರುಗಬಹುದೆಂಬ ಆಶ್ವಾಸನೆ ದೊರೆಯಿತು. ಆ ವರ್ಷವೇ ಅವರು ಲಂಡನ್ನಿಗೆ ಹೊರಟರು.

ಅಲ್ಲಿ ಯೂನಿವರ್ಸಿಟಿ ಕಾಲೇಜಿನಲ್ಲಿ ಪಾಠವಾದರೆ, ಕ್ರಾಯ್ಡನ್ ಪಟ್ಟಣದ ಗ್ರಂಥಪಾಲರೂ ಗುರುಗಳೂ ಆದ ಬರ್ವಿಕ್ ಸೇಯರ್ಸ್ ಅವರ ಬಳಿ ಪ್ರತ್ಯಕ್ಷ ಅನುಭವ. ರಂಗನಾಥನ್ ಅವರು ಆ ದೇಶದ ಹಲವಾರು ಗ್ರಂಥಾಲಯಗಳನ್ನು ಒಂದೊಂದಾಗಿ ಸುತ್ತಿ ನೋಡಿದರು. ಕೂಲಿಕಾರರು, ಗೃಹಿಣಿಯರು, ಮಕ್ಕಳು ಎಲ್ಲರೂ ಪುಸ್ತಕವನ್ನರಸಿ ಬರುತ್ತಿದ್ದುದನ್ನು ಕಂಡು ಬೆರಗಾದರು. ಆದರೆ ಗಣಿತಜ್ಞನ ಕಣ್ಣಿಗೆ ಇನ್ನೊಂದು ಸಂಗತಿಯೂ ಬಿದ್ದಿತು. ಒಂದೊಂದು ಗ್ರಂಥಾಲಯವೂ ತನಗೆ ತೋಚಿದ ಕ್ರಮದಲ್ಲಿ ನಡೆಯುತ್ತಿತ್ತು. ಇದು ಮೇಲು, ಅದು ಕೀಳು ಎಂದು ನಿರ್ಣಯಿಸುವುದಕ್ಕೆ ಎಲ್ಲರೂ ಒಪ್ಪುವ ಮೂಲತತ್ತ್ವಗಳೇ ಇರಲಿಲ್ಲ. ಮೂಲತತ್ತ್ವವಿಲ್ಲದೆಡೆ ತುಲನೆಯಾದರೂ ಹೇಗೆ ಸಾಧ್ಯ? ಈ ಚಿಂತೆಯನ್ನು ತಲೆಯಲ್ಲಿ ತುಂಬಿಕೊಂಡು ಅವರು 1925ರಲ್ಲಿ ಸ್ವದೇಶಕ್ಕೆ ಮರಳಿದರು. ಅಧ್ಯಾಪನಕ್ಕೆ ಹಿಂದಿರುಗುವ ಮಾತು ಮತ್ತೆ ಬರಲಿಲ್ಲ.

ಮುಂದಿನ ಇಪ್ಪತ್ತು ವರ್ಷಗಳು ತಪಸ್ಸಿನ ಕಾಲ. ರಜೆಯನ್ನೇ ಬಯಸದೆ ಬೆಳಗಿನಿಂದ ರಾತ್ರಿಯವರೆಗೆ ಅವರು ದುಡಿದರು. ಬೀಗ ಹಾಕಿದ ಕಪಾಟುಗಳ ಮುಂದೆ ಚೀಟಿ ಬರೆದು ಕಾಯುತ್ತ ನಿಲ್ಲುವ ಪದ್ಧತಿಯನ್ನು ತೊಡೆದುಹಾಕಿ, ಓದುಗನೇ ಕಪಾಟಿನ ಬಳಿಗೆ ಹೋಗಿ ಪುಸ್ತಕವನ್ನು ಕೈಯಾರೆ ಆರಿಸಿಕೊಳ್ಳುವಂತೆ ಮಾಡಿದರು. ಪುಸ್ತಕಗಳು ಕಳವಾಗುವುವೆಂದು ಅಂಜಿದವರಿಗೆ ಅವರ ಉತ್ತರ ಲೆಕ್ಕಾಚಾರದ್ದು. ಕಳೆದುಹೋಗುವ ಕೆಲವು ಪುಸ್ತಕಗಳ ಬೆಲೆಯನ್ನು ಒಂದು ಕಡೆ, ಉಳಿತಾಯವಾಗುವ ಓದುಗರ ಹಾಗೂ ನೌಕರರ ಹೊತ್ತಿನ ಬೆಲೆಯನ್ನು ಇನ್ನೊಂದು ಕಡೆ ಇಟ್ಟು ನೋಡಿದರೆ ಲಾಭವೆತ್ತ ಎಂಬುದು ತಾನೇ ತಿಳಿಯುವುದು ಎಂಬುದು ಅವರ ವಾದವಾಗಿತ್ತು.

1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಸ್ಥಾಪನೆಯಾಯಿತು; ಅದರ ಜೀವಾಳ ರಂಗನಾಥನ್ ಅವರೇ. ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳು ಅದೇ ವರ್ಷ ರೂಪತಾಳಿದುವು. ಮೊದಲ ಸೂತ್ರಕ್ಕೆ ಮಾತು ಒದಗಿಸಿದವರು ಅವರ ಗಣಿತಗುರು ರಾಸ್ ಅವರು. 1931ರಲ್ಲಿ ಈ ಸೂತ್ರಗಳನ್ನು ವಿವರಿಸುವ ಗ್ರಂಥ ಪ್ರಕಟವಾಯಿತು. ಆ ಐದರ ತಾತ್ಪರ್ಯವು ಒಂದು ಮಗುವಿಗೂ ತಿಳಿಯುವಷ್ಟು ಸರಳವಾಗಿದೆ. ಆದರೆ ಪ್ರತಿಯೊಂದನ್ನೂ ಪ್ರಶ್ನೆಯಾಗಿ ತಿರುಗಿಸಿದರೆ ಅದು ಅಳತೆಗೋಲಾಗಿ ಪರಿಣಮಿಸುತ್ತದೆ.

ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು ಮೊದಲನೆಯದರ ಸಾರ. ಹಾಗಾದರೆ ಗ್ರಂಥಾಲಯದ ಬಾಗಿಲು ವಾರಕ್ಕೆ ಎಷ್ಟು ಗಂಟೆ ತೆರೆದಿರುತ್ತದೆ? ಅದು ಜನ ಓಡಾಡುವ ಜಾಗದಲ್ಲಿದೆಯೇ? ಓದುವ ಪ್ರತಿಯೊಬ್ಬನಿಗೂ ಅವನದೇ ಪುಸ್ತಕ ಸಿಗಬೇಕೆಂಬುದು ಎರಡನೆಯದು. ಹಾಗಾದರೆ ಊರಿನಲ್ಲಿ ಇನ್ನೂ ಒಳಗೆ ಕಾಲಿಡದವರು ಯಾರು, ಬಂದು ಬರಿಗೈಯಲ್ಲಿ ಹಿಂದಿರುಗಿದವರು ಎಷ್ಟು ಮಂದಿ? ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ದೊರೆಯಬೇಕೆಂಬುದು ಮೂರನೆಯದು. ಹಾಗಾದರೆ ವರ್ಷಗಟ್ಟಲೆ ಯಾರೂ ಮುಟ್ಟದ ಪುಸ್ತಕಗಳೆಷ್ಟು? ಓದುಗನ ಹೊತ್ತು ಪೋಲಾಗಬಾರದೆಂಬುದು ನಾಲ್ಕನೆಯದು. ಹಾಗಾದರೆ ಕೇಳಿದ ಕ್ಷಣಕ್ಕೂ ಕೈಸೇರಿದ ಕ್ಷಣಕ್ಕೂ ನಡುವೆ ಎಷ್ಟು ನಿಮಿಷ ಸಂದಿತು? ಗ್ರಂಥಾಲಯವು ಜೀವಿಯಂತೆ ಬೆಳೆಯುವಂಥದು ಎಂಬುದು ಐದನೆಯದು. ಹಾಗಾದರೆ ಬೆಳವಣಿಗೆಗೆ ಬೇಕಾದ ಸ್ಥಳ, ಹಣ, ಸಿಬ್ಬಂದಿ ಸಿದ್ಧವಾಗಿವೆಯೇ? ಈ ಯಾವ ಪ್ರಶ್ನೆಗೂ ಕೇವಲ ಪುಸ್ತಕಗಳ ಒಟ್ಟು ಸಂಖ್ಯೆ ಉತ್ತರವಾಗಲಾರದೆಂಬುದನ್ನು ವಾಚಕರು ಗಮನಿಸಬೇಕು.

ಒಂದು ಕಾಲ್ಪನಿಕ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಒಂದು ಊರಿನ ಭಂಡಾರದಲ್ಲಿ 10,000 ಪುಸ್ತಕಗಳಿದ್ದು ವರ್ಷದಲ್ಲಿ 500 ಸಲ ಎರವಲು ಹೋದುವೆನ್ನೋಣ. ಇನ್ನೊಂದು ಊರಿನಲ್ಲಿ 1,000 ಪುಸ್ತಕಗಳಿದ್ದು 3,000 ಸಲ ಹೋದುವು. ಮೊದಲನೆಯದರಲ್ಲಿ ಒಂದು ಪುಸ್ತಕ ಸರಾಸರಿಯಲ್ಲಿ ಇಪ್ಪತ್ತು ವರ್ಷಕ್ಕೊಮ್ಮೆ ಮನೆಗೆ ಹೋಗುತ್ತದೆ. ಎರಡನೆಯದರಲ್ಲಿ ವರ್ಷಕ್ಕೆ ಮೂರು ಸಲ. ವರದಿಯಲ್ಲಿ ದೊಡ್ಡದೆನಿಸುವುದು ಮೊದಲನೆಯದು. ಊರಿಗೆ ಬೆಳಕಾಗಿರುವುದು ಎರಡನೆಯದು.

ಓದುಗನು ಬರಲಾರದಿದ್ದರೆ ಪುಸ್ತಕವೇ ಅವನ ಬಳಿಗೆ ಹೋಗಬೇಕೆಂಬುದು ಈ ಸೂತ್ರಗಳಿಂದಲೇ ಹೊರಟ ನಿರ್ಣಯ. 1931ರಲ್ಲಿ ತಂಜಾವೂರು ಜಿಲ್ಲೆಯ ಮನ್ನಾರ್ಗುಡಿಯ ಸುತ್ತಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕಗಳನ್ನು ಒಯ್ಯುವ ಸಂಚಾರಿ ಗ್ರಂಥಾಲಯ ಹೊರಟಿತು. 1933ರಲ್ಲಿ ಅವರ ಕೋಲನ್ ವರ್ಗೀಕರಣ ಪದ್ಧತಿಯೂ 1934ರಲ್ಲಿ ಗ್ರಂಥಸೂಚಿಯ ನಿಯಮಾವಳಿಯೂ ಬೆಳಕು ಕಂಡುವು. ಲಂಡನ್ನಿನ ಅಂಗಡಿಯೊಂದರಲ್ಲಿ ಕಂಡ ಆಟಿಕೆ ಅವರಿಗೆ ವರ್ಗೀಕರಣದ ದಾರಿ ತೋರಿತ್ತು. ಬಿಡಿ ಬಿಡಿ ಲೋಹದ ಪಟ್ಟಿಗಳನ್ನು ಜೋಡಿಸಿ ಮಕ್ಕಳು ಬಗೆಬಗೆಯ ವಸ್ತುಗಳನ್ನು ಕಟ್ಟುವಂತೆ, ವಿಷಯದ ಮುಖಗಳನ್ನು ಬಿಡಿಸಿ ಎರಡು ಚುಕ್ಕೆಗಳ ಚಿಹ್ನೆಯಿಂದ ಪೋಣಿಸುವುದೇ ಅದರ ಮರ್ಮ.

ಸೇವೆ ಉತ್ತಮವಾಗಬೇಕೆಂದು ಉಪದೇಶಿಸಿ ಸುಮ್ಮನಾಗುವ ಸ್ವಭಾವ ಅವರದಲ್ಲ. ಅದಕ್ಕೆ ಎಷ್ಟು ಮಂದಿ ಬೇಕೆಂಬುದನ್ನೂ ಸಮೀಕರಣದಲ್ಲಿ ಬರೆದಿಟ್ಟರು. ಪುಸ್ತಕ ತರಿಸುವ ಶಾಖೆಗೆ ವರ್ಷಕ್ಕೆ ಸೇರುವ 6,000 ಸಂಪುಟಗಳಿಗೆ ಒಬ್ಬ. ಎರವಲು ಕೊಡುವ ದ್ವಾರದಲ್ಲಿ ವರ್ಷದ 1,500 ಗಂಟೆಗೆ ಒಬ್ಬ. ನಿಯತಕಾಲಿಕೆಗಳು 500 ಇದ್ದರೆ ಒಬ್ಬ. ಓದುಗನ ಪಕ್ಕದಲ್ಲಿ ನಿಂತು ನೆರವಾಗುವ ಪರಾಮರ್ಶನ ಶಾಖೆಗೆ ದಿನವೊಂದಕ್ಕೆ ಬರುವ 50 ಓದುಗರಿಗೆ ಒಬ್ಬ. ಇಂಥ ಲೆಕ್ಕವಿದ್ದರೆ ಗ್ರಂಥಪಾಲನು ಮೇಲಧಿಕಾರಿಗಳ ಮುಂದೆ ದೈನ್ಯದಿಂದ ಬೇಡಬೇಕಾಗಿಲ್ಲ. ಅಂಕೆಗಳನ್ನು ಮುಂದಿಟ್ಟು ಕೇಳಬಹುದು. 1957ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ನೇಮಿಸಿದ ಗ್ರಂಥಾಲಯ ಸಮಿತಿಗೆ ಅವರೇ ಅಧ್ಯಕ್ಷರು. ವಿದ್ಯಾರ್ಥಿಯೊಬ್ಬನಿಗೆ 15 ರೂಪಾಯಿ, ಅಧ್ಯಾಪಕನೊಬ್ಬನಿಗೆ 200 ರೂಪಾಯಿಯಂತೆ ಗ್ರಂಥಾಲಯದ ವೆಚ್ಚವನ್ನು ನಿಗದಿಮಾಡಬೇಕೆಂದು ಆ ಸಮಿತಿ ಸಲಹೆಯಿತ್ತಿತು. ಇಲ್ಲಿಯೂ ಅಳತೆಯ ಮೊದಲ ಮನೆ ಓದುಗನದೇ.

1945ರಲ್ಲಿ ಮನಸ್ತಾಪದಿಂದ ಮದರಾಸಿನ ಹುದ್ದೆಯನ್ನು ತೊರೆದ ಅವರನ್ನು ಡಾ. ರಾಧಾಕೃಷ್ಣನ್ ಅವರು ಕಾಶಿಯ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಬರಮಾಡಿಕೊಂಡರು. ಅಲ್ಲಿನ ಸುಮಾರು ಒಂದು ಲಕ್ಷ ಗ್ರಂಥಗಳನ್ನು ಒಬ್ಬಂಟಿಗರಾಗಿ ವರ್ಗೀಕರಿಸಿದ ಶ್ರಮ ಅಸಾಮಾನ್ಯವಾದುದು. 1947ರಿಂದ ದಿಲ್ಲಿ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪನ. ಬಳಿಕ ಕೆಲವು ವರ್ಷ ಸ್ವಿಟ್ಜರ್‌ಲೆಂಡಿನ ಜೂರಿಕ್ ನಗರದಲ್ಲಿ ವಾಸ. 1957ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಜೀವಮಾನದ ಉಳಿತಾಯದಲ್ಲಿ ಒಂದು ಲಕ್ಷ ರೂಪಾಯಿಯನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಗ್ರಂಥಾಲಯ ಶಾಸ್ತ್ರದ ಪೀಠಕ್ಕಾಗಿ ಪತ್ನಿ ಶಾರದಾ ಅವರ ಹೆಸರಿನಲ್ಲಿ ದಾನವಿತ್ತರು. ಮನಸ್ತಾಪದಿಂದ ಬಿಟ್ಟು ಬಂದ ಸಂಸ್ಥೆಗೇ ಇತ್ತ ದಾನವಿದು!

ಬಾಳಿನ ಕೊನೆಯ ವರ್ಷಗಳನ್ನು ಅವರು ಕಳೆದುದು ಬೆಂಗಳೂರಿನಲ್ಲಿ. ಪ್ರೊ. ಮಹಲನೊಬಿಸ್ ಅವರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು. ಗ್ರಂಥಾಲಯ ಶಾಸ್ತ್ರವು ಸಂಖ್ಯಾಶಾಸ್ತ್ರದ ಮನೆಯಲ್ಲಿ ನೆಲೆಗೊಂಡುದು ಆ ಗಣಿತಜ್ಞನಿಗೆ ಒಪ್ಪುವಂತೆಯೇ ಇತ್ತು. 1965ರಲ್ಲಿ ಭಾರತ ಸರಕಾರ ಅವರನ್ನು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರನ್ನಾಗಿ ಗೌರವಿಸಿತು. ಅದೇ ವರ್ಷ ಮೈಸೂರು ರಾಜ್ಯದ ಸಾರ್ವಜನಿಕ ಗ್ರಂಥಾಲಯ ಶಾಸನ ಅಂಗೀಕಾರವಾಯಿತು. ಅದರ ಹಿಂದೆಯೂ ಅವರ ಮಾರ್ಗದರ್ಶನವಿತ್ತು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿಯೇ ಅವರು ದಿವಂಗತರಾದರು. 1998ರಲ್ಲಿ ಅಂತರರಾಷ್ಟ್ರೀಯ ಪ್ರಮಾಣೀಕರಣ ಸಂಸ್ಥೆಯು ಗ್ರಂಥಾಲಯಗಳ ಸೇವೆಯನ್ನಳೆಯುವ ಸೂಚಕಗಳನ್ನು 11620 ಸಂಖ್ಯೆಯ ಮಾನಕವಾಗಿ ಪ್ರಕಟಿಸಿತು. ಜನಸಂಖ್ಯೆಯಲ್ಲಿ ಓದುಗರ ಪಾಲೆಷ್ಟು, ಪುಸ್ತಕವೊಂದು ಎಷ್ಟು ಸಲ ಹೊರಹೋಯಿತು, ಕೇಳಿದುದು ಸಿಗಲು ಎಷ್ಟು ಹೊತ್ತಾಯಿತು ಎಂಬ ಪ್ರಶ್ನೆಗಳು ಅಲ್ಲಿಯೂ ಇವೆ. 1931ರ ಸೂತ್ರಗಳನ್ನು ಓದಿದವರಿಗೆ ಇವು ಹಳೆಯ ಪರಿಚಯದವುಗಳಾಗಿಯೇ ತೋರುವುವು.

ಈಗ ನಮ್ಮ ಮಾತಿಗೆ ಬರೋಣ. 1930ರಲ್ಲಿ ಕಾಶಿಯಲ್ಲಿ ಸೇರಿದ ಅಖಿಲ ಏಷ್ಯಾ ಶಿಕ್ಷಣ ಸಮ್ಮೇಳನದ ಮುಂದೆ ರಂಗನಾಥನ್ ಅವರು ಗ್ರಂಥಾಲಯ ಶಾಸನದ ಮಾದರಿಯೊಂದನ್ನಿಟ್ಟಿದ್ದರು. ಅದು ಫಲಿಸಲು ಹದಿನೆಂಟು ವರ್ಷ ಹಿಡಿಯಿತು. 1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಶಾಸನವು ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಶಾಸನ. ಪುಸ್ತಕಸೇವೆಗೆಂದು ಕರವೆತ್ತಿ, ಜಿಲ್ಲೆಗೊಂದು ಪ್ರಾಧಿಕಾರವನ್ನು ರಚಿಸಲು ಅದು ದಾರಿಮಾಡಿತು. ಆಗ ಕಾಸರಗೋಡು, ನೀಲಗಿರಿ, ಹೊಸೂರು, ತಾಳವಾಡಿ, ಆದವಾನಿ, ರಾಯದುರ್ಗ, ಮಡಕಶಿರಾ ಇವೆಲ್ಲವೂ ಮದರಾಸು ಪ್ರಾಂತದಲ್ಲಿಯೇ ಇದ್ದುವು. 1953ರಲ್ಲಿ ಮತ್ತು 1956ರಲ್ಲಿ ಗಡಿಗಳು ಬದಲಾಗಿ, ಒಂದೇ ಶಾಸನದ ಆಸರೆಯಲ್ಲಿದ್ದ ಈ ಕನ್ನಡ ಪ್ರದೇಶಗಳು ಮೂರು ರಾಜ್ಯಗಳಲ್ಲಿ ಹಂಚಿಹೋದುವು. ಶಾಸನ ಯಾವುದಾದರೂ ಇರಲಿ, ಎರಡನೆಯ ಸೂತ್ರದ ಪ್ರಶ್ನೆ ನಮ್ಮ ಪಾಲಿಗೆ ಉಳಿದೇ ಇದೆ. ಒಂದು ಜಿಲ್ಲೆಯ ಪುಸ್ತಕಗಳ ಮೊತ್ತವನ್ನು ಅಲ್ಲಿಯ ಜನಸಂಖ್ಯೆಯಿಂದ ಭಾಗಿಸಿದರೆ ಬರುವ ಸರಾಸರಿ ತೃಪ್ತಿಕರವಾಗಿ ಕಾಣಬಹುದು. ಆದರೆ ಆ ಸರಾಸರಿಯೊಳಗೆ ಕನ್ನಡವನ್ನೇ ಓದುವ ಹುಡುಗಿಯೊಬ್ಬಳು ಬರಿಗೈಯಲ್ಲಿ ಹಿಂದಿರುಗಿದುದು ಕಾಣಿಸುವುದಿಲ್ಲ. ರಂಗನಾಥನ್ ಅವರ ಸೂತ್ರವು ಸರಾಸರಿಗೆ ತೃಪ್ತಿಪಡದೆ ಒಬ್ಬೊಬ್ಬ ಓದುಗನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅಲ್ಪಸಂಖ್ಯಾತ ಭಾಷಿಕರಾದ ನಮಗೆ ಇದಕ್ಕಿಂತ ನ್ಯಾಯವಾದ ಮಾನದಂಡ ಬೇರೆ ದೊರೆಯದು.

ಈ ಮಾನದಂಡವನ್ನು ಸರಕಾರದತ್ತ ಹಿಡಿಯುವ ಮೊದಲು ನಮ್ಮ ಸಂಘಗಳ ಪುಸ್ತಕ ಭಂಡಾರಗಳತ್ತಲೂ ಹಿಡಿಯುವುದು ಧರ್ಮ. ನಮ್ಮ ವಾರ್ಷಿಕ ವರದಿಗಳಲ್ಲಿ ಪುಸ್ತಕಗಳ ಸಂಖ್ಯೆ ತಪ್ಪದೆ ಅಚ್ಚಾಗುತ್ತದೆ. ಅದರೊಡನೆ ಎರವಲು ಹೋದುವೆಷ್ಟು, ಬಾಗಿಲು ತೆರೆದ ಗಂಟೆಗಳೆಷ್ಟು ಎಂಬುದೂ ಅಚ್ಚಾಗಲಿ. ಎರವಲು ದಾಖಲೆಯ ಪುಸ್ತಕದಲ್ಲಿ ಇನ್ನೊಂದು ಅಂಕಣವನ್ನೂ ಗೆರೆಯೆಳೆದು ಸೇರಿಸೋಣ: ಕೇಳಿದರೂ ನಮ್ಮಲ್ಲಿಲ್ಲದ ಕನ್ನಡ ಪುಸ್ತಕದ ಹೆಸರು, ಕೇಳಿದ ತಾರೀಖು. ವರ್ಷದ ಕೊನೆಗೆ ಆ ಅಂಕಣವೇ ನಮ್ಮ ಮುಂದಿನ ಖರೀದಿಯ ಪಟ್ಟಿಯಾಗುವುದು; ಅಧಿಕಾರಿಗಳ ಮುಂದಿಡುವ ನಮ್ಮ ಮನವಿಗೂ ಅದೇ ಆಧಾರವಾಗುವುದು.