ಡಿಸೆಂಬರ್ ಸ್ಕೋರು, ಮಾರ್ಚ್ ಉತ್ತರ: ಕೋಚ್ ಅಡಾಲ್ಫ್ ರಪ್ ಕಥೆ

1951ರ ಡಿಸೆಂಬರ್ 17. ಅಮೆರಿಕದ ಲೆಕ್ಸಿಂಗ್ಟನ್ ನಗರದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯ. ಆತಿಥೇಯ ಕೆಂಟಕಿ ವಿಶ್ವವಿದ್ಯಾಲಯ 81, ನ್ಯೂಯಾರ್ಕಿನ ಸೇಂಟ್ ಜಾನ್ಸ್ 40. ಇದು ಗೆಲುವಲ್ಲ, ಜಜ್ಜಿ ಹಾಕಿದ್ದು. ಮೂರು ತಿಂಗಳು ಕಳೆದು ಅವೇ ಎರಡು ತಂಡಗಳು ರಾಷ್ಟ್ರೀಯ ಟೂರ್ನಿಯಲ್ಲಿ ಎದುರಾದವು. ಈ ಸಲ ಸೇಂಟ್ ಜಾನ್ಸ್ 64, ಕೆಂಟಕಿ 57. ಕೆಂಟಕಿಯ ಆಟ ಅಲ್ಲಿಗೇ ಮುಗಿಯಿತು.

ಎರಡೂ ಪಂದ್ಯಗಳಲ್ಲಿ ಕೆಂಟಕಿಯ ಬೆಂಚಿನಲ್ಲಿ ಕೂತಿದ್ದವರು ಅಡಾಲ್ಫ್ ರಪ್. ಕಂದು ಬಣ್ಣದ ಸೂಟು, ಸಿಡುಕು ಮುಖ.

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಋತು ಚಳಿಗಾಲದ ಆಟ. ಈಗ ನವೆಂಬರ್‌ನಲ್ಲಿ ಶುರುವಾಗುತ್ತದೆ, ರಪ್ ಕಾಲದಲ್ಲಿ ಡಿಸೆಂಬರ್‌ನಲ್ಲಿ ಶುರುವಾಗುತ್ತಿತ್ತು. ಆಗ ಚಾಂಪಿಯನ್ ಯಾರೆಂದು ತೀರ್ಮಾನವಾಗುತ್ತಿದ್ದುದು ಮಾರ್ಚ್ ಹೊತ್ತಿಗೆ, ಸೋತವರು ಮನೆಗೆ ಹೋಗುವ ಟೂರ್ನಿಯಲ್ಲಿ. ಮೊದಲ ಐದಾರು ಪಂದ್ಯ ನೋಡಿ ತಂಡದ ಜಾತಕ ಬರೆಯುವ ಚಟ ಅಲ್ಲಿನ ಪತ್ರಿಕೆಗಳಿಗೂ ಅಭಿಮಾನಿಗಳಿಗೂ ಮೊದಲಿನಿಂದ ಇದೆ. ಆ ಜಾತಕ ಎಷ್ಟು ನಿಜ, ಎಷ್ಟು ಸುಳ್ಳು ಎಂದು ತಿಳಿಯಲು ರಪ್ ಬದುಕಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ರಪ್ ಹುಟ್ಟಿದ್ದು 1901ರ ಸೆಪ್ಟೆಂಬರ್ 2ರಂದು, ಕ್ಯಾನ್ಸಸ್ ರಾಜ್ಯದ ಹಾಲ್‌ಸ್ಟೆಡ್ ಬಳಿಯ ರೈತ ಕುಟುಂಬದಲ್ಲಿ. ಮನೆಮಂದಿ ಜರ್ಮನ್ ಮೂಲದವರು. ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಫಾಗ್ ಅಲೆನ್ ತರಬೇತಿಯ ತಂಡದಲ್ಲಿದ್ದರು, ಆದರೆ ಹೆಚ್ಚಾಗಿ ಮೀಸಲು ಆಟಗಾರರಾಗಿ. ಈ ಆಟವನ್ನೇ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಆಗ ಅದೇ ಕ್ಯಾಂಪಸ್ಸಿನಲ್ಲಿ ಪಾಠ ಹೇಳುತ್ತಿದ್ದರು. ನಂತರ ಇಲಿನಾಯ್‌ನ ಫ್ರೀಪೋರ್ಟ್‌ನಲ್ಲಿ ಹೈಸ್ಕೂಲ್ ಕೋಚ್ ಕೆಲಸ.

1930ರಲ್ಲಿ ಕೆಂಟಕಿ ಅವರನ್ನು ಕರೆಯಿತು. ಡಿಸೆಂಬರ್ 18ರಂದು ಮೊದಲ ಪಂದ್ಯ, ಪಕ್ಕದ ಜಾರ್ಜ್‌ಟೌನ್ ಕಾಲೇಜಿನ ವಿರುದ್ಧ 67-19ರ ಜಯ. ಈ ಸ್ಕೋರು ಮಾತ್ರ ಸುಳ್ಳು ಹೇಳಲಿಲ್ಲ. ಮುಂದಿನ 42 ವರ್ಷ ಅವರು ಅಲ್ಲೇ ಉಳಿದರು, 876 ಪಂದ್ಯ ಗೆದ್ದರು.

1948ರ ಡಿಸೆಂಬರ್ ಕೊನೆಯಲ್ಲಿ ಸೇಂಟ್ ಲೂಯಿಸ್ ತಂಡದ ಎದುರು ಕೆಂಟಕಿ ಎರಡೇ ಅಂಕಗಳಿಂದ ಸೋತಿತು. ಆ ಹುಡುಗರಲ್ಲಿ ಕೆಲವರು ಅದೇ ವರ್ಷ ಲಂಡನ್ ಒಲಿಂಪಿಕ್ಸ್ ಚಿನ್ನ ಗೆದ್ದು ಬಂದವರು. ಆ ಸೋಲಿನಿಂದ ಗಾಬರಿಪಡುವಂಥದ್ದೇನೂ ಇರಲಿಲ್ಲ, ಮಾರ್ಚ್‌ನಲ್ಲಿ ಅವರೇ ಮತ್ತೆ ಚಾಂಪಿಯನ್ನರಾದರು. ಗಾಬರಿಪಡಬೇಕಿದ್ದ ಸೋಲು ಇನ್ನೊಂದಿತ್ತು. ಆ ಮಾರ್ಚ್‌ನಲ್ಲೇ ಬೇರೊಂದು ಟೂರ್ನಿಯಲ್ಲಿ ಲೊಯೋಲಾ ವಿರುದ್ಧ ಸೋತಾಗ ಕಾರಣ ಯಾರಿಗೂ ಹೊಳೆಯಲಿಲ್ಲ. 1951ರ ಅಕ್ಟೋಬರ್‌ನಲ್ಲಿ ಹೊಳೆಯಿತು: ಜೂಜುಕೋರರಿಂದ ಹಣ ಪಡೆದು ಆಡಿದ್ದಾಗಿ ಮೂವರು ಆಟಗಾರರು ಒಪ್ಪಿಕೊಂಡರು. ಅದರಲ್ಲಿ ಅಲೆಕ್ಸ್ ಗ್ರೋಜಾ, ರಾಲ್ಫ್ ಬಿಯರ್ಡ್ ಎಂಬ ಒಲಿಂಪಿಕ್ ವೀರರೂ ಇದ್ದರು. ತನ್ನ ಹುಡುಗರ ಹತ್ತಿರ ಜೂಜುಕೋರರು ಸುಳಿಯಲಾರರು ಎಂದು ಕೆಲವೇ ವಾರಗಳ ಹಿಂದೆ ರಪ್ ಎದೆ ತಟ್ಟಿ ಹೇಳಿದ್ದರು. ಎದುರಾಳಿಯ ಕಾಲಿನ ಚಲನೆ ನೋಡಿ ಮುಂದಿನ ಪಾಸ್ ಊಹಿಸುತ್ತಿದ್ದ ಮನುಷ್ಯನಿಗೆ ತನ್ನದೇ ಬೆಂಚು ಓದಲು ಬರಲಿಲ್ಲ.

ಶಿಕ್ಷೆಯಾಗಿ 1952-53ರ ಇಡೀ ಋತು ರದ್ದಾಯಿತು. ರಪ್ ಅಭ್ಯಾಸ ನಿಲ್ಲಿಸಲಿಲ್ಲ. 1953ರ ಡಿಸೆಂಬರ್ 5ರಂದು ಕಣಕ್ಕೆ ಮರಳಿದಾಗ ಟೆಂಪಲ್ ವಿರುದ್ಧ 86-59ರ ಜಯ, ಕ್ಲಿಫ್ ಹೇಗನ್ ಒಬ್ಬರದೇ 51 ಅಂಕ. ಅದೇ ತಿಂಗಳು ಲಾ ಸಾಲ್ ತಂಡವನ್ನು 73-60ರಿಂದ ಸೋಲಿಸಿದರು. ಆ ಋತುವಿನಲ್ಲಿ ಆಡಿದ 25ಕ್ಕೆ 25 ಪಂದ್ಯ ಗೆಲುವು. ಹಾಗಾದರೆ ಚಾಂಪಿಯನ್ ಯಾರು? ಲಾ ಸಾಲ್! ಹೇಗನ್ ಸೇರಿ ಕೆಂಟಕಿಯ ಮೂವರು ಮುಖ್ಯ ಆಟಗಾರರು ಅಷ್ಟರಲ್ಲಿ ಪದವಿ ಮುಗಿಸಿದ್ದರಿಂದ ನಿಯಮದಂತೆ ರಾಷ್ಟ್ರೀಯ ಟೂರ್ನಿಯಲ್ಲಿ ಆಡುವಂತಿರಲಿಲ್ಲ. ಉಳಿದ ಹುಡುಗರಿಗೆ ಹೋಗುವ ಆಸೆಯಿತ್ತು. ಅವರಿಲ್ಲದೆ ಹೋಗುವುದೇ ಬೇಡ ಎಂದು ರಪ್ ಹಟ ಹಿಡಿದರು. ಪೂರ್ತಿ ದೋಷವಿಲ್ಲದ ಋತು, ಕೈಯಲ್ಲಿ ಪ್ರಶಸ್ತಿಯಿಲ್ಲ.

1957ರದ್ದು ತದ್ವಿರುದ್ಧ. ಡಿಸೆಂಬರ್ ಒಂದೇ ತಿಂಗಳಲ್ಲಿ ಮೂರು ಸೋಲು. ಟೆಂಪಲ್ ವಿರುದ್ಧವಂತೂ ಮೂರು ಹೆಚ್ಚುವರಿ ಅವಧಿ ಆಡಿ 85-83ರಿಂದ ಹೇಗೋ ಬಚಾವಾದರು. ಈ ಹುಡುಗರು ಹಳ್ಳಿ ಕುಣಿತಕ್ಕೆ ಪಿಟೀಲು ಕುಯ್ಯಲು ಸಾಕು, ದೊಡ್ಡ ಕಛೇರಿಗೆ ಸಾಲರು ಎಂದು ಗುರುವೇ ಹೀಯಾಳಿಸಿದರು. ಪಿಟೀಲಿನ ಅಡ್ಡಹೆಸರು ತಂಡಕ್ಕೆ ಅಂಟಿಕೊಂಡಿತು. ಮಾರ್ಚ್‌ನಲ್ಲಿ ಮತ್ತೆ ಟೆಂಪಲ್ ಎದುರಾಯಿತು, 61-60. ಫೈನಲ್‌ನಲ್ಲಿ ಎಲ್ಗಿನ್ ಬೇಲರ್ ಇದ್ದ ಸಿಯಾಟಲ್ ವಿರುದ್ಧ 84-72. ಅದು ರಪ್ ಅವರ ನಾಲ್ಕನೆಯ ಹಾಗೂ ಕೊನೆಯ ರಾಷ್ಟ್ರೀಯ ಪ್ರಶಸ್ತಿ. ಆ ಡಿಸೆಂಬರ್‌ನ ಫಲಿತಾಂಶಗಳಲ್ಲಿ ಸೋಲು ಎಣಿಸಿದವರು ಎಡವಿದರು. ಕೊನೆಯ ಒಂದೆರಡು ಅಂಕಕ್ಕೆ ಈ ಹುಡುಗರು ಹೆದರುವುದಿಲ್ಲ ಎಂಬ ಸುಳಿವು ಅದೇ ಟೆಂಪಲ್ ಪಂದ್ಯದಲ್ಲಿತ್ತು.

ಈಗ ಮತ್ತೆ 1951ರ ಆ ರಾತ್ರಿಗೆ. 40 ಅಂಕಕ್ಕೆ ಮುಗಿದ ಸೇಂಟ್ ಜಾನ್ಸ್ ತಂಡದಲ್ಲಿ ಸಾಲಿ ವಾಕರ್ ಎಂಬ ಕಪ್ಪು ಆಟಗಾರನಿದ್ದ. ಲೆಕ್ಸಿಂಗ್ಟನ್‌ನ ಆ ಅಂಗಳದಲ್ಲಿ ಕೆಂಟಕಿ ವಿರುದ್ಧ ಆಡಿದ ಮೊದಲ ಕಪ್ಪು ಆಟಗಾರ ಆತ. ರಪ್ ತಂಡದಲ್ಲಿ ಎಲ್ಲರೂ ಬಿಳಿಯರೇ. ಅವರ ಫ್ರೀಪೋರ್ಟ್ ಶಾಲಾ ತಂಡದಲ್ಲಿ ಕಪ್ಪು ಹುಡುಗನೊಬ್ಬ ಆಡಿದ್ದುಂಟು. ಆದರೆ ಕೆಂಟಕಿಗೆ ಬಂದಮೇಲೆ ದಕ್ಷಿಣ ರಾಜ್ಯಗಳ ವರ್ಣಭೇದದ ಗೋಡೆಯನ್ನು ಅವರು ದಶಕಗಳ ಕಾಲ ತಳ್ಳಲಿಲ್ಲ. ಅವರಷ್ಟು ಪ್ರಭಾವ ಇದ್ದವರು ತಳ್ಳಬಹುದಿತ್ತು ಎಂಬ ದೂರು ಇಂದಿಗೂ ಇದೆ, ಅದು ಅನ್ಯಾಯದ ದೂರೇನಲ್ಲ.

1965-66ರಲ್ಲಿ ಅದರ ಲೆಕ್ಕ ಎದುರಿಗೆ ಬಂತು. ಕುಳ್ಳ ಹುಡುಗರ ಕೆಂಟಕಿ ಸತತ 23 ಪಂದ್ಯ ಗೆದ್ದು ನಂಬರ್ ಒನ್ ಆಯಿತು. ದೂರದ ಎಲ್ ಪಾಸೊದಲ್ಲಿ ಟೆಕ್ಸಾಸ್ ವೆಸ್ಟರ್ನ್ ಎಂಬ ತಂಡವೂ ಸತತ 23 ಗೆದ್ದಿತ್ತು. ಋತು ಶುರುವಾದಾಗ ಅದನ್ನು ಕೇಳುವವರಿರಲಿಲ್ಲ. ಡಿಸೆಂಬರ್ ಕೊನೆಗೆ ಬಲಾಢ್ಯ ಅಯೋವಾವನ್ನು ಅದು ಸುಲಭವಾಗಿ ಸೋಲಿಸಿದಾಗ ಕೆಲವರು ತಿರುಗಿ ನೋಡಿದರು, ಅಷ್ಟೇ. ಮಾರ್ಚ್ 19ರ ಫೈನಲ್‌ನಲ್ಲಿ ಕೋಚ್ ಡಾನ್ ಹಸ್ಕಿನ್ಸ್ ಐವರು ಕಪ್ಪು ಆಟಗಾರರನ್ನೇ ಮೊದಲಿಗೆ ಇಳಿಸಿದರು. ಟೆಕ್ಸಾಸ್ ವೆಸ್ಟರ್ನ್ 72, ಕೆಂಟಕಿ 65.

ಕೆಂಟಕಿ ಪರ ಟಾಮ್ ಪೇನ್ ಎಂಬ ಮೊದಲ ಕಪ್ಪು ಆಟಗಾರ ಕಣಕ್ಕಿಳಿದದ್ದು 1970-71ರಲ್ಲಿ. ಮರುವರ್ಷ, 70 ತುಂಬಿದವರು ನಿವೃತ್ತರಾಗಬೇಕೆಂಬ ನಿಯಮದಡಿ ರಪ್ ಒಲ್ಲದ ಮನಸ್ಸಿನಿಂದ ಕೆಳಗಿಳಿದರು. 1976ರಲ್ಲಿ ಲೆಕ್ಸಿಂಗ್ಟನ್‌ನ ಹೊಸ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟರು.

1977ರ ಡಿಸೆಂಬರ್ 10ರಂದು ಕೆಂಟಕಿ ತಂಡ ಕ್ಯಾನ್ಸಸ್‌ಗೆ ಹೋಗಿತ್ತು, ರಪ್ ಓದಿದ ವಿಶ್ವವಿದ್ಯಾಲಯಕ್ಕೇ. ಅಲ್ಲಿ ಆ ಸಂಜೆಯನ್ನು ಅವರ ಗೌರವಕ್ಕೆಂದು ಮೀಸಲಿಟ್ಟಿದ್ದರು. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ರಪ್ ಅದೇ ರಾತ್ರಿ ಲೆಕ್ಸಿಂಗ್ಟನ್‌ನಲ್ಲಿ ತೀರಿಕೊಂಡರು. ಪಂದ್ಯವನ್ನು ಕೆಂಟಕಿ 73-66ರಿಂದ ಗೆದ್ದಿತು. ಮಾರ್ಚ್‌ನಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನೂ ಗೆದ್ದಿತು. ಡ್ಯೂಕ್ ವಿರುದ್ಧದ ಆ ಫೈನಲ್‌ನಲ್ಲಿ 41 ಅಂಕ ಗಳಿಸಿದ ಜ್ಯಾಕ್ ಗಿವನ್ಸ್ ಲೆಕ್ಸಿಂಗ್ಟನ್ ಊರಿನವರೇ ಆದ ಕಪ್ಪು ಆಟಗಾರ.